ಮಲ್ಟಿವಿಟಮಿನ್ ಚೆನ್ನಾಗಿದೆ, ಲೇಬಲ್ ಅರ್ಧಂಬರ್ಧ

ಮಾತ್ರೆಯ ಬಗ್ಗೆ ನನಗೆ ದೂರಿಲ್ಲ. ಹೊಟ್ಟೆ ತೊಳಸಲಿಲ್ಲ, ಕಬ್ಬಿಣದ ವಾಸನೆ ಬರಲಿಲ್ಲ, ಮುಚ್ಚಳವೂ ಗಟ್ಟಿಯಾಗಿದೆ. ದಿನಕ್ಕೊಂದು ನುಂಗಿದರೆ ವಿಟಮಿನ್ನು, ಖನಿಜ ಎಲ್ಲ ಬಂತು ಅಂತ ಡಬ್ಬಿಯ ಮುಂದೆ ದಪ್ಪಕ್ಷರದಲ್ಲಿ ಬರೆದಿದ್ದಾರೆ. ನನ್ನ ತಕರಾರೆಲ್ಲ ಡಬ್ಬಿಯ ಹಿಂಭಾಗದ್ದು.

ನಾನು ಥೈರಾಯ್ಡ್‌ಗೆ ಲೆವೊಥೈರಾಕ್ಸಿನ್ ತೆಗೆದುಕೊಳ್ಳುತ್ತೇನೆ. ನಮ್ಮನೆಯವರಿಗೆ ಹೃದಯದ ಕವಾಟ ಬದಲಿಸಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಶುರುವಾಯಿತು. ಹಾಗಾಗಿ ಯಾವ ಡಬ್ಬಿ ಮನೆಗೆ ಬಂದರೂ ಮೊದಲು ತಿರುಗಿಸಿ ಸಣ್ಣ ಅಕ್ಷರ ಓದುವುದು ನನಗೆ ಅಭ್ಯಾಸ. ಇದರಲ್ಲಿ ಸಿಕ್ಕಿದ್ದು ಒಂದೇ ಸಾಲು: ಬೇರೆ ಔಷಧಿ ಸೇವಿಸುತ್ತಿದ್ದರೆ ವೈದ್ಯರನ್ನು ಕೇಳಿ. ಸರಿ, ಕೇಳೋಣ. ಆದರೆ ಏನಂತ ಕೇಳಬೇಕು ಅನ್ನುವುದಕ್ಕೆ ಒಂದು ಸುಳಿವಾದರೂ ಬೇಡವಾ?

ಅದರ ಪಕ್ಕದಲ್ಲೇ 'ಬೆಳಿಗ್ಗೆ ಒಂದು ಮಾತ್ರೆ' ಅಂತ ಇದೆ. ಥೈರಾಯ್ಡ್ ಮಾತ್ರೆಯನ್ನೂ ಹೆಚ್ಚಿನವರು ನುಂಗುವುದು ಬೆಳಿಗ್ಗೆಯೇ, ಖಾಲಿ ಹೊಟ್ಟೆಗೆ. ಎರಡನ್ನೂ ಒಟ್ಟಿಗೆ ನುಂಗಿದರೆ ವಿಟಮಿನ್ ಮಾತ್ರೆಯ ಕ್ಯಾಲ್ಸಿಯಂ, ಕಬ್ಬಿಣ ಹೋಗಿ ಲೆವೊಥೈರಾಕ್ಸಿನ್‌ಗೆ ಅಂಟಿಕೊಳ್ಳುತ್ತವೆ. ಆಗ ಔಷಧಿ ಪೂರ್ತಿ ರಕ್ತಕ್ಕೆ ಸೇರುವುದಿಲ್ಲ. ದಿನಾ ತಪ್ಪದೆ ನುಂಗುತ್ತಿದ್ದರೂ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಸಾಲದಿದ್ದಾಗ ರಕ್ತದಲ್ಲಿ ಹೆಚ್ಚುವ ಹಾರ್ಮೋನ್) ಏರುತ್ತಾ ಹೋಗುತ್ತದೆ. ಎರಡರ ನಡುವೆ 4 ಗಂಟೆ ಅಂತರ ಇದ್ದರೆ ಸಾಕು. ನಾನು ವಿಟಮಿನ್ ಮಾತ್ರೆಯನ್ನು ರಾತ್ರಿ ಊಟದ ಜೊತೆಗೆ ಇಟ್ಟುಕೊಂಡಿದ್ದೇನೆ. ಇಷ್ಟು ಬರೆಯಲು ಲೇಬಲ್‌ನಲ್ಲಿ ಜಾಗ ಇರಲಿಲ್ಲವಂತೆ. ಓಡುತ್ತಿರುವ ಕುಟುಂಬದ ಚಿತ್ರಕ್ಕೆ ಮಾತ್ರ ಜಾಗ ಇದೆ!

ಇದೇ ಕಂಪನಿ ಕೂದಲು, ಉಗುರಿಗೆ ಅಂತ ಇನ್ನೊಂದು ಡಬ್ಬಿ ಮಾರುತ್ತದೆ. ಅದನ್ನು ನಾನು ಮುಟ್ಟಲಿಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾಗುವ ಬಯೋಟಿನ್ (ಬಿ ಗುಂಪಿನ ಒಂದು ವಿಟಮಿನ್) ಸುಮಾರು 30 ಮೈಕ್ರೋಗ್ರಾಂ. ಅದರ ಒಂದೊಂದು ಮಾತ್ರೆಯಲ್ಲಿ ಇರುವುದು 10,000. ಇಲ್ಲಿ ತೊಂದರೆ ಔಷಧಿಗಲ್ಲ, ರಕ್ತಪರೀಕ್ಷೆಗೆ. ಹಲವು ಲ್ಯಾಬ್‌ಗಳ ಥೈರಾಯ್ಡ್ ಪರೀಕ್ಷೆಯ ವಿಧಾನದಲ್ಲೇ ಬಯೋಟಿನ್ ಬಳಕೆಯಾಗುತ್ತದೆ. ನಮ್ಮ ರಕ್ತದಲ್ಲೂ ಅದು ತುಂಬಿಕೊಂಡಿದ್ದರೆ ಲೆಕ್ಕ ತಪ್ಪುತ್ತದೆ. ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಟಿ4 ಅನ್ನುವ ಥೈರಾಯ್ಡ್ ಹಾರ್ಮೋನ್ ಇರುವುದಕ್ಕಿಂತ ಜಾಸ್ತಿ ಕಾಣಬಹುದು. ರಿಪೋರ್ಟ್ ನೋಡಿದ ಡಾಕ್ಟರು ಪಾಪ, ಥೈರಾಯ್ಡ್ ಔಷಧಿ ಜಾಸ್ತಿಯಾಗಿದೆ ಅಂದುಕೊಂಡು ಡೋಸ್ ಇಳಿಸಿಬಿಡುತ್ತಾರೆ. ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಪರೀಕ್ಷೆಯೂ ಹೀಗೆ ತಪ್ಪು ತೋರಿಸಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಬಯೋಟಿನ್ ಜಾಸ್ತಿ ತೆಗೆದುಕೊಳ್ಳುವವರು ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ 2 ದಿನ ಮೊದಲೇ ನಿಲ್ಲಿಸಬೇಕು, ಲ್ಯಾಬಿನವರಿಗೂ ಹೇಳಬೇಕು. ಕೂದಲು ದಟ್ಟವಾಗುತ್ತೋ ಇಲ್ಲವೋ, ಅದು ಬೇರೆ ಚರ್ಚೆ.

ನಮ್ಮನೆಯವರ ಕಥೆಯೇ ಬೇರೆ. ಈ ಮಲ್ಟಿವಿಟಮಿನ್‌ನಲ್ಲಿ ವಿಟಮಿನ್ ಕೆ ಇದೆ. ರಕ್ತ ಹೆಪ್ಪುಗಟ್ಟಲು ಬೇಕಾದ್ದೇ ವಿಟಮಿನ್ ಕೆ, ವಾರ್ಫರಿನ್ ಅದರ ಕೆಲಸಕ್ಕೆ ಅಡ್ಡ ಹಾಕುತ್ತದೆ. 'ಹಾಗಾದ್ರೆ ನನಗೆ ವಿಟಮಿನ್ ಕೆ ಪೂರ್ತಿ ಬಂದಾ?' ಅಂತ ಅವರು ಕೇಳಿದರು. ಬಂದ್ ಮಾಡಬೇಕಿಲ್ಲ, ಏರುಪೇರು ಆಗಬಾರದು ಅಷ್ಟೇ. ಇದ್ದಕ್ಕಿದ್ದಂತೆ ಶುರು ಮಾಡಿದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಅಂಕಿ) ಇಳಿದು ರಕ್ತ ಹೆಪ್ಪುಗಟ್ಟುವ ಭಯ. ಅಭ್ಯಾಸವಾದ ಮೇಲೆ ಥಟ್ಟನೆ ಬಿಟ್ಟರೆ ಐಎನ್‌ಆರ್ ಏರಿ ರಕ್ತಸ್ರಾವದ ಭಯ. ಆದ್ದರಿಂದ ಶುರು ಮಾಡುವುದಾದರೂ ಬಿಡುವುದಾದರೂ ಡಾಕ್ಟರಿಗೆ ಮೊದಲೇ ತಿಳಿಸಿ, ಐಎನ್‌ಆರ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅವರ ಡಾಕ್ಟರು ಸದ್ಯಕ್ಕೆ ಬೇಡ ಅಂದರು. ಡಬ್ಬಿ ನನ್ನ ಪಾಲಾಯಿತು.

ಕಂಪನಿಗೆ ಇಮೇಲ್ ಬರೆದೆ. ಲೆವೊಥೈರಾಕ್ಸಿನ್ ಜೊತೆ ಎಷ್ಟು ಗಂಟೆ ಅಂತರ ಬೇಕು ಎಂದು ನೇರವಾಗಿ ಕೇಳಿದ್ದೆ. 'ನಮ್ಮ ಉತ್ಪನ್ನ ಸಂಪೂರ್ಣ ಸುರಕ್ಷಿತ' ಅಂತ ಉತ್ತರ ಬಂತು. ಪ್ರಶ್ನೆ ಓದಿದ್ದಾರಾ ಅನ್ನೋದೇ ಅನುಮಾನ. ಅದೇ ಪ್ರಶ್ನೆಗೆ ಔಷಧಿ ಅಂಗಡಿಯ ಫಾರ್ಮಸಿಸ್ಟ್ ಹುಡುಗಿ ನಿಂತ ನಿಲುವಿನಲ್ಲೇ ಉತ್ತರ ಕೊಟ್ಟಳು. 'ಮೇಡಂ, ದಿನಾ ತಗೊಳ್ಳೋ ಮಾತ್ರೆ ಎಲ್ಲ ಹೇಳಿ, ಆಯುರ್ವೇದದ್ದೂ ಸೇರಿಸಿ' ಅಂತ ಅವಳೇ ಕೇಳಿ ಬರೆದುಕೊಂಡಳು. ಪೂರ್ತಿ ಅಂಕ ಅವಳಿಗೆ.

ಇನ್ನು ಯಾರು ಈ ಡಬ್ಬಿ ಕೊಳ್ಳುವ ಮೊದಲು ಯೋಚಿಸಬೇಕು? ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್ ತರಹದ ಆಂಟಿಬಯೋಟಿಕ್ ನಡೆಯುತ್ತಿರುವವರು. ಕಬ್ಬಿಣ, ಸತು, ಕ್ಯಾಲ್ಸಿಯಂ ಅವುಗಳಿಗೂ ಅಂಟಿಕೊಳ್ಳುತ್ತವೆ. ಮೊಡವೆಗೆ ಐಸೊಟ್ರೆಟಿನಾಯಿನ್ ನುಂಗುವವರಿಗೆ ಇದರಲ್ಲಿರುವ ವಿಟಮಿನ್ ಎ ಬೇಡವೇ ಬೇಡ. ಆ ಔಷಧಿಯೂ ವಿಟಮಿನ್ ಎ ವಂಶದ್ದೇ, ಎರಡೂ ಸೇರಿದರೆ ವಿಷವಾಗಬಹುದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರದು ಉಲ್ಟಾ. ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಕಡಿಮೆಯಾಗಬಹುದು. ಅವರು ಈ ಮಾತ್ರೆ ನಂಬಿ ಕೂರುವ ಬದಲು ಬಿ12 ಪರೀಕ್ಷೆ ಮಾಡಿಸಿ, ಡಾಕ್ಟರು ಹೇಳಿದಷ್ಟು ತೆಗೆದುಕೊಳ್ಳುವುದು ಒಳ್ಳೆಯದು.

ಮಾತ್ರೆಗೆ ಐದರಲ್ಲಿ ನಾಲ್ಕು, ಲೇಬಲ್‌ಗೆ ಒಂದು. ಡಬ್ಬಿ ಮುಗಿದ ಮೇಲೆ ಮತ್ತೆ ಕೊಳ್ಳುತ್ತೇನಾ? ರಕ್ತಪರೀಕ್ಷೆಯಲ್ಲಿ ಕೊರತೆ ಕಂಡರೆ ಕೊಳ್ಳುತ್ತೇನೆ. ಇಲ್ಲದಿದ್ದರೆ ಸುಮ್ನೆ ಯಾಕೆ?