ಕಿಲೋಸಾರ್ಟ್: ನಾಲ್ಕು ವರ್ಷ ಬಳಸಿದ ಮೇಲೆ

ನ್ಯೂರೋಪಿಕ್ಸೆಲ್ಸ್ ಪ್ರೋಬ್‌ನ (ಮಿದುಳಿಗೆ ಇಳಿಸುವ, ಸಾಲುಸಾಲು ಎಲೆಕ್ಟ್ರೋಡ್‌ಗಳಿರುವ ಸೂಜಿ) ರೆಕಾರ್ಡಿಂಗ್‌ಗಳಿಗೆ ನಾಲ್ಕು ವರ್ಷದಿಂದ ಕಿಲೋಸಾರ್ಟ್ ಬಳಸುತ್ತಿದ್ದೇನೆ. ಸ್ಪೈಕ್‌ಗಳನ್ನು, ಅಂದರೆ ನರಕೋಶಗಳ ವಿದ್ಯುತ್ ಮಿಡಿತಗಳನ್ನು, ಕೋಶವಾರು ವಿಂಗಡಿಸುವ ತಂತ್ರಾಂಶ ಇದು. 2.5ನೇ ಆವೃತ್ತಿಯಲ್ಲಿ ಶುರುಮಾಡಿದ್ದು, ಈಗ 4ರಲ್ಲಿದ್ದೇನೆ. 384 ಚಾನಲ್, ಸೆಕೆಂಡಿಗೆ 30,000 ಸ್ಯಾಂಪಲ್. ಒಂದು ಗಂಟೆಯ ಫೈಲೇ 80 ಜಿಬಿ ದಾಟುತ್ತದೆ. ಒಂದೊಂದು ಎಲೆಕ್ಟ್ರೋಡ್‌ಗೂ ಸುತ್ತಲಿನ ಹಲವು ನರಕೋಶಗಳ ಸ್ಪೈಕ್ ಸಿಗುತ್ತದೆ, ಒಂದೇ ನರಕೋಶ ಅಕ್ಕಪಕ್ಕದ ಹಲವು ಎಲೆಕ್ಟ್ರೋಡ್‌ಗಳಲ್ಲಿ ಕಾಣುತ್ತದೆ. ಯಾವ ಸ್ಪೈಕ್ ಯಾವ ಕೋಶದ್ದು ಎಂದು ಕೈಯಲ್ಲಿ ಬಿಡಿಸಿ ಮುಗಿಯುವ ಕೆಲಸವಲ್ಲ.

ಕಿಲೋಸಾರ್ಟನ್ನು ನಾನು ಬಿಡದಿರಲು ಮುಖ್ಯ ಕಾರಣ ಡ್ರಿಫ್ಟ್ ತಿದ್ದುವ ಹಂತ. ಪ್ರಾಣಿ ಅಲುಗಿದಾಗ ಪ್ರೋಬ್ ಪಕ್ಕದ ಮಿದುಳು ಕೆಲವು ಮೈಕ್ರಾನ್ ಮೇಲೆ ಕೆಳಗೆ ಸರಿಯುತ್ತದೆ. ಅಷ್ಟಕ್ಕೇ ಸ್ಪೈಕಿನ ಆಕಾರ ಬದಲಾಗಿ, ಒಂದು ಕೋಶ ಎರಡಾಗಿ ಕಾಣಿಸುತ್ತದೆ. ಒಂದರ ಮೇಲೊಂದು ಬಿದ್ದ ಸ್ಪೈಕ್‌ಗಳನ್ನೂ ಟೆಂಪ್ಲೇಟ್ (ಆಯಾ ಕೋಶದ ಸ್ಪೈಕಿನ ಮಾದರಿ ಆಕಾರ) ಹೊಂದಿಸಿ, ಕಳೆದು, ಉಳಿದದ್ದರಲ್ಲಿ ಮತ್ತೆ ಹುಡುಕಿ ಹೊರತೆಗೆಯುತ್ತದೆ.

ಆದರೆ ಒಂದೊಂದು ಕ್ಲಸ್ಟರ್‌ಗೆ (ಒಂದೇ ಕೋಶದ್ದೆಂದು ಗುಂಪುಮಾಡಿದ ಸ್ಪೈಕ್‌ಗಳು) ಅದು ಹಚ್ಚುವ 'ಗುಡ್' ಎಂಬ ಲೇಬಲ್ ನೋಡಿ ನೆಮ್ಮದಿಯಾಗಬೇಡಿ. ಒಂದು ಸ್ಪೈಕ್ ಆದ ಮೇಲೆ ಒಂದೆರಡು ಮಿಲಿಸೆಕೆಂಡ್ ಅದೇ ಕೋಶ ಮತ್ತೆ ಸಿಡಿಯಲಾರದು. ಆ ಖಾಲಿ ಜಾಗ ಎಷ್ಟು ಸ್ವಚ್ಛವಾಗಿದೆ ಎಂಬುದರ ಮೇಲೆ ಈ ಲೇಬಲ್ ನಿಂತಿದೆ. ಒಂದೇ ಕೋಶದ ಸ್ಪೈಕ್‌ಗಳು ಎರಡು ಕ್ಲಸ್ಟರ್‌ಗಳಾಗಿ ಒಡೆದಿದ್ದರೆ, ಆ ಅರ್ಧ ಕೋಶಕ್ಕೂ ಆ ಜಾಗ ಸ್ವಚ್ಛವಾಗಿಯೇ ಇರುತ್ತದೆ! ಮೊದಲ ವರ್ಷ ಹಿಪೊಕ್ಯಾಂಪಸ್ (ಮಿದುಳಿನ ಒಂದು ಭಾಗ) ದತ್ತಾಂಶದಲ್ಲಿ ಎರಡು ಗುಡ್ ಕ್ಲಸ್ಟರ್‌ಗಳನ್ನು ಎರಡು ಕೋಶವೆಂದೇ ಎಣಿಸಿದ್ದೆ. ಅವೆರಡರ ಕ್ರಾಸ್‌ಕೋರಿಲೋಗ್ರಾಮ್ (ಒಂದರ ಸ್ಪೈಕಿನ ಹಿಂದೆ ಮುಂದೆ ಇನ್ನೊಂದರವು ಯಾವಾಗ ಬರುತ್ತವೆಂದು ತೋರಿಸುವ ಚಿತ್ರ) ತೆಗೆದಾಗ, ಚಿಕ್ಕ ಸ್ಪೈಕ್ ಯಾವಾಗಲೂ ದೊಡ್ಡದರ ಕೆಲವೇ ಮಿಲಿಸೆಕೆಂಡ್ ನಂತರ ಬರುತ್ತಿತ್ತು, ನಟ್ಟನಡುವೆ ಖಾಲಿ. ಬರ್ಸ್ಟ್‌ನಲ್ಲಿ (ಬೆನ್ನುಬೆನ್ನಿಗೆ ಸಿಡಿಯುವಾಗ) ಸ್ಪೈಕ್‌ಗಳು ಕುಗ್ಗುತ್ತಾ ಹೋಗುವ ಒಂದೇ ಪಿರಮಿಡಲ್ ಕೋಶ ಅದು. ಆ ವರ್ಷದ ಎಲ್ಲ ರೆಕಾರ್ಡಿಂಗ್‌ಗಳನ್ನೂ ಮೊದಲಿನಿಂದ ನೋಡಬೇಕಾಯಿತು. ತೀರಾ ಅಪರೂಪಕ್ಕೆ ಸಿಡಿಯುವ ಕೋಶಗಳಲ್ಲೂ ಹುಷಾರು: ಸ್ಪೈಕ್‌ಗಳೇ ಕಡಿಮೆಯಿದ್ದಾಗ ಕಲಬೆರಕೆ ಇದ್ದರೂ ಆ ಖಾಲಿ ಜಾಗಕ್ಕೆ ಏನೂ ಬೀಳದೆ ಇರಬಹುದು.

ಹಾಗಾಗಿ ಈಗ ಪ್ರತಿ ರೆಕಾರ್ಡಿಂಗ್‌ಗೂ ಮೊದಲು ಡ್ರಿಫ್ಟ್ ನಕ್ಷೆ ನೋಡುತ್ತೇನೆ, ಆಮೇಲೆ ಫೈ (ಕ್ಲಸ್ಟರ್‌ಗಳನ್ನು ಕಣ್ಣಾರೆ ನೋಡಿ ತಿದ್ದುವ ತಂತ್ರಾಂಶ) ತೆರೆದು ಒಂದೇ ಚಾನಲ್ ಸುತ್ತಲಿನ ಕ್ಲಸ್ಟರ್ ಜೋಡಿಗಳನ್ನು ಒಂದೊಂದಾಗಿ ಪರಿಶೀಲಿಸುತ್ತೇನೆ. ಒಂದು ಕ್ಲಸ್ಟರ್ ನಿಂತ ಹೊತ್ತಿಗೇ ಪಕ್ಕದ್ದು ಶುರುವಾದರೆ ಡ್ರಿಫ್ಟ್ ಪೂರ್ತಿ ಸರಿಹೋಗಿಲ್ಲವೆಂದೇ ಮೊದಲ ಅನುಮಾನ.

4ನೇ ಆವೃತ್ತಿ ಪೈಥಾನ್‌ಗೆ ಬಂದದ್ದರಿಂದ ಮ್ಯಾಟ್‌ಲ್ಯಾಬ್ ಲೈಸೆನ್ಸ್ ಬೇಕಿಲ್ಲ. ತಂತ್ರಾಂಶ ಉಚಿತ. ಒಳ್ಳೆಯ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಮಾತ್ರ ಇರಬೇಕು, ಇಲ್ಲದಿದ್ದರೆ ತೀರಾ ನಿಧಾನ. ಟೆಟ್ರೋಡ್‌ನಂತೆ (ನಾಲ್ಕು ತಂತಿಗಳ ಎಲೆಕ್ಟ್ರೋಡ್) ಬೆರಳೆಣಿಕೆಯ ಚಾನಲ್‌ಗಳಿದ್ದರೆ ಡ್ರಿಫ್ಟ್ ಅಂದಾಜಿಸಲು ಸಾಕಷ್ಟು ಮಾಹಿತಿಯೇ ಇರುವುದಿಲ್ಲ. ಎನ್‌ಬ್ಲಾಕ್ಸ್ (nblocks) ಎಂಬ ಸೆಟ್ಟಿಂಗನ್ನು 0 ಮಾಡಿ ಆ ಹಂತವನ್ನು ಬಿಟ್ಟುಬಿಡಿ.