ಮೈಸೂರಲ್ಲಿ ಬೇರಿಕಾಯಿ ಗಿಡ: ಹಿಮಾಚಲದ್ದಾ, ಪಂಜಾಬಿಂದಾ, ಊಟಿದಾ?

ಬೋಗಾದಿ ಕಡೆ ನಮ್ಮನೆ ಹಿತ್ತಲಲ್ಲಿ ಮೂರು ಬೇರಿಕಾಯಿ ಗಿಡ ಇದಾವೆ. ಬೇರಿಕಾಯಿ ಅಂದ್ರೆ ಪಿಯರ್ಸ್, ಪುಸ್ತಕದಲ್ಲಿ ಮರಸೇಬು ಅಂತ ಬರೀತಾರಲ್ಲ ಅದು. 2016ರ ಡಿಸೆಂಬರಲ್ಲಿ ಒಂದು, ಮುಂದಿನ ವರ್ಷ ಇನ್ನೆರಡು ಹಾಕಿದ್ದು. ಒಂದು ಹಿಮಾಚಲದಿಂದ ತರಿಸಿದ ಬಾರ್ಟ್ಲೆಟ್, ಇನ್ನೊಂದು ಪಂಜಾಬ್ ಕಡೆಯ ಪತ್ಥರ್‌ನಾಖ್, ಮೂರನೇದು ಊಟಿಗೆ ಹೋದಾಗ ಅಲ್ಲಿ ಒಬ್ರ ಮನೆ ತೋಟದಿಂದ ತಂದ ನಾಡು ಬೇರಿ. ಮೂರಕ್ಕೂ ಅದೇ ಗೊರಜು ಮಣ್ಣು, ಅದೇ ಬಿಸಿಲು, ಅದೇ ಬೋರ್ ನೀರು, ಆದ್ರೂ ಮೂರೂ ಬೆಳೆದಿದ್ದು ಮೂರು ಥರ, ಗಿಡ ತಗೊಳ್ಳೋ ಮುಂಚೆ ಇದನ್ನ ನನಗೆ ಯಾರೂ ಹೇಳ್ಲಿಲ್ಲ, ಅದಕ್ಕೇ ಬರೀತಿದೀನಿ.

ಬಾರ್ಟ್ಲೆಟ್ ಆನ್‌ಲೈನಲ್ಲಿ ತರಿಸಿದ್ದು, ಬೇರುಗಳಿಗೆ ಒದ್ದೆ ಪಾಚಿ ಸುತ್ತಿ ಒಂದು ಕೋಲಿನ ಥರ ಬಂತು. ಮಾರಿದೋರು ಎಲ್ಲಾ ಹವಾಮಾನಕ್ಕೂ ಆಗುತ್ತೆ ಅಂತ ಬರ್ದಿದ್ರು. ಏಳು ವರ್ಷ ಕಾದಿದೀನಿ, ಒಂದೇ ಒಂದು ಹೂ ಬಿಡ್ಲಿಲ್ಲ. ಈ ತಳಿಗೆ ಚಳಿಗಾಲದಲ್ಲಿ 7 ಡಿಗ್ರಿ ಆಸುಪಾಸಿನ ಚಳಿ ನೂರಾರು ಗಂಟೆ ಬೇಕು, ಆಗ್ಲೇ ಮೊಗ್ಗು ನಿದ್ದೆಯಿಂದ ಏಳೋದು. ಮೈಸೂರಲ್ಲಿ ಜನವರಿ ಬೆಳಗಿನ ಜಾವ ಸಾಮಾನ್ಯವಾಗಿ 15-16 ಡಿಗ್ರಿ ಇರುತ್ತೆ, ನಮಗೆ ಸ್ವೆಟರ್ ಬೇಕು ಅನ್ಸುತ್ತೆ ಅಷ್ಟೇ, ಆ ಗಿಡಕ್ಕೆ ಅದು ಚಳಿನೇ ಅಲ್ಲ. ಹಿಂಗಾಗಿ ಏನಾಗುತ್ತೆ ಅಂದ್ರೆ ಫೆಬ್ರವರೀಲಿ ಕೊಂಬೆ ತುದಿ ಮೊಗ್ಗು ಮಾತ್ರ ಒಡೆಯುತ್ತೆ, ಕೆಳಗೆ ಎರಡಡಿ ಬೋಳು, ಗಿಡಾನೇ ಒಂದು ಪೊರಕೆ ನಿಲ್ಸಿದಂಗೆ ಕಾಣುತ್ತೆ. ಮೂರನೇ ವರ್ಷ ಕಸಿ ಗಂಟಿನ ಕೆಳಗಿಂದ ಒಂದು ಚಿಗುರು ಜೋರಾಗಿ ಬಂತು, ಸದ್ಯ ಗಿಡ ಚಿಗುರ್ತಲ್ಲ ಅಂತ ಖುಷಿಪಟ್ಟು ಬಿಟ್ಟುಬಿಟ್ಟೆ, ಆಮೇಲೆ ನೋಡಿದ್ರೆ ಮೈಯೆಲ್ಲಾ ಮುಳ್ಳು, ಸಣ್ಣ ಎಲೆ, ಅದು ಬೇರುಗಿಡದ್ದು. ಹಿಮಾಚಲದಲ್ಲಿ ಕಾಡು ಪಿಯರ್ ಅಂದ್ರೆ ಕೈಂತ್ ಗಿಡದ ಮೇಲೆ ಕಸಿ ಕಟ್ತಾರೆ, ಅದರ ಚಿಗುರನ್ನ ಬೆಳೆಯೋಕೆ ಬಿಟ್ರೆ ಮೇಲಿನ ತಳೀನ ಸೊರಗಿಸಿಬಿಡುತ್ತೆ. ಗಂಟಿನ ಕೆಳಗೆ ಏನೇ ಬಂದ್ರೂ ಅವತ್ತೇ ಕಿತ್ತಾಕಿ.

ಪತ್ಥರ್‌ನಾಖ್ ಬಗ್ಗೆ ನನಗೆ ನಿರೀಕ್ಷೆ ಜಾಸ್ತಿ ಇತ್ತು, ಯಾಕಂದ್ರೆ ಪಂಜಾಬಿನ ಬಯಲುಸೀಮೇಲೇ ಅದನ್ನ ಬೆಳೀತಾರೆ, ಚಳಿ ಕಮ್ಮಿ ಸಾಕು. ಆದ್ರೆ ಪಂಜಾಬಿನ ಆ ಕಮ್ಮಿ ಚಳಿನೂ ನಮ್ಮೂರಲ್ಲಿ ಇಲ್ಲ. ಆರನೇ ವರ್ಷ ಹೂ ಬಿಡ್ತು, ಅದೂ ಒಟ್ಟಿಗೆ ಅಲ್ಲ, ಇವತ್ತು ಒಂದು ಗೊಂಚಲು, ಹದಿನೈದು ದಿನ ಬಿಟ್ಟು ಇನ್ನೊಂದು. ಅವತ್ತಿಂದ ಇವತ್ತಿನವರೆಗೂ ಕೈಗೆ ಸಿಕ್ಕಿರೋದು ಹನ್ನೊಂದು ಕಾಯಿ. ಇದೇ ತಳೀದು ಇನ್ನೊಂದು ಗಿಡಾನ ಪಾಂಡವಪುರದ ಹತ್ರ ನಮ್ಮ ಭಾವನ ತೋಟದಲ್ಲಿ ಹಾಕ್ಸಿದ್ದೆ, ಅಲ್ಲಿ ನಾಲೆ ನೀರು, ಪಕ್ಕದಲ್ಲೇ ಭತ್ತದ ಗದ್ದೆ, ಕಾಲು ಇಟ್ರೆ ಜೌಗು. ಬೇರಿ ಗಿಡ ಸೇಬಿಗಿಂತ ತೇವ ತಡ್ಕೊಳುತ್ತೆ ಅನ್ನೋದು ನಿಜ, ಹಂಗಂತ ವರ್ಷಪೂರ್ತಿ ಬೇರು ನೀರಲ್ಲಿ ನಿಂತ್ರೆ ಆಗಲ್ಲ, ಎರಡನೇ ಮಳೆಗಾಲಕ್ಕೆ ಹೋಯ್ತು. ಮಂಡ್ಯ ಕಡೆ ನಾಲೆ ಕೆಳಗೆ ಜಮೀನಿರೋರು ಹಾಕೋದೇ ಆದ್ರೆ ದಿಬ್ಬ ಮಾಡಿ ಅದರ ಮೇಲೆ ಹಾಕಿ.

ಈಗ ಊಟಿದು. ನನ್ನ ಕೈ ಹಿಡಿದಿದ್ದು ಇದೇ. ಐದನೇ ವರ್ಷದಿಂದ ಹೂ ಬಿಡ್ತಿದೆ, ಆದ್ರೆ ಅದೂ ತಾನಾಗೇ ಬಿಟ್ಟಿದ್ದಲ್ಲ, ಬಿಡಿಸ್ಕೊಂಡಿದ್ದು. ಇಂಡೋನೇಷ್ಯಾದ ಜಾವಾದಲ್ಲಿ ಮಲಾಂಗ್ ಕಡೆ ಸೇಬು ಬೆಳೆಯೋರು ಕೊಯ್ಲಾದ ಮೇಲೆ ಕೈಯಲ್ಲೇ ಎಲ್ಲಾ ಎಲೆ ಕೀಳ್ತಾರೆ, ಚಳಿ ಮಾಡೋ ಕೆಲಸಾನ ಅಲ್ಲಿ ಕೈ ಮಾಡುತ್ತೆ, ವರ್ಷಕ್ಕೆ ಎರಡು ಬೆಳೆ ತೆಗೀತಾರೆ. ಅದನ್ನೇ ನಾನೂ ಮಾಡ್ದೆ, ಆದ್ರೆ ಮೊದಲನೇ ಸಲ ನಂಬಿಕೆ ಇಲ್ದೆ ಅರ್ಧ ಗಿಡಕ್ಕೆ ಮಾತ್ರ. ನವೆಂಬರ್ ಕೊನೆಗೆ ನೀರು ನಿಲ್ಸಿ, ಡಿಸೆಂಬರ್ ಮಧ್ಯ ಪೂರ್ವಕ್ಕಿರೋ ಕೊಂಬೆಗಳ ಎಲೆ ಒಂದೊಂದಾಗಿ ಕಿತ್ತೆ. ಜಗ್ಗಿ ಕೀಳ್ಬಾರ್ದು, ತೊಟ್ಟಿನ ಬುಡದಲ್ಲೇ ಮೊಗ್ಗು ಕೂತಿರುತ್ತೆ, ಒಂದು ಕೈಲಿ ಕಡ್ಡಿ ಹಿಡ್ಕೊಂಡು ಎಲೇನ ಮೆಲ್ಲಗೆ ಮಡಚಿದ್ರೆ ಟಕ್ ಅಂತ ಬರುತ್ತೆ, ಮೊಗ್ಗಿಗೆ ಏನೂ ಆಗಲ್ಲ. ಎರಡು ವಾರ ಬಿಟ್ಟು ಚೆನ್ನಾಗಿ ನೀರು ಕೊಟ್ಟೆ. ಜನವರಿ ಕೊನೆಗೆ ಆ ಅರ್ಧದಲ್ಲಿ ಬಿಳೀ ಹೂ, ಮಧ್ಯ ಕೆಂಪಗೆ ಸಣ್ಣ ಚುಕ್ಕಿ ಥರ ಕೇಸರ, ಬರೀ ನೀರು ನಿಲ್ಸಿದ್ದ ಇನ್ನೊಂದರ್ಧದಲ್ಲಿ ಮೂರೇ ಗೊಂಚಲು. ಹತ್ರ ಹೋಗಿ ಮೂಸಿದ್ರೆ ಮಾತ್ರ ಘಮ ಅಲ್ಲ, ಹಸಿ ಮೀನಿನ ಥರ ಒಂದು ವಾಸನೆ, ಗಾಬರಿ ಬೀಳ್ಬೇಡಿ, ಪಿಯರ್ ಹೂವೇ ಹಂಗೆ. ದ್ರಾಕ್ಷಿಗೆ ಹೊಡೆಯೋ ಔಷಧಿ ಹೊಡೀರಿ, ಮೊಗ್ಗು ಒಡೆಯುತ್ತೆ ಅಂತ ಒಬ್ರು ಹೇಳಿದ್ರು, ಅದು ವಿಷ, ಮಕ್ಕಳು ಓಡಾಡೋ ಹಿತ್ತಲಲ್ಲಿ ಅದು ಬೇಡವೇ ಬೇಡ.

ಕೊಂಬೆ ಸವರೋದು, ಬಾಗಿಸೋದು ಎರಡನ್ನೂ ಮೂರು ಗಿಡದ ಮೇಲೂ ಮಾಡಿ ನೋಡ್ದೆ. ತುದಿ ಕತ್ತರಿಸಿದ ಕಡೆ ಕೋಲಿನ ಥರ ನೆಟ್ಟಗೆ ನಾಲ್ಕು ಚಿಗುರು ಬಂತು, ಹೂ ಇಲ್ಲ. ಗೋಣಿ ದಾರ ಕಟ್ಟಿ ಕೊಂಬೇನ ಪಕ್ಕಕ್ಕೆ ಬಾಗಿಸಿ ಗೂಟಕ್ಕೆ ಬಿಗಿದ ಕಡೆ ಎರಡು ವರ್ಷಕ್ಕೆ ಗಿಡ್ಡ ಗಿಡ್ಡ ಗಂಟುಗಂಟು ಕಡ್ಡಿ ಬಂತು ಊಟಿ ಗಿಡದಲ್ಲಿ, ಹೂ ಬರೋದು ಆ ಗಂಟಲ್ಲೇ. ಕೊಟ್ಟಿಗೆ ಗೊಬ್ಬರ ವರ್ಷಕ್ಕೆ ಎರಡು ಬುಟ್ಟಿ ಸಾಕು, ಜಾಸ್ತಿ ಹಾಕಿದ ವರ್ಷ ಬರೀ ಎಲೆ.

ರುಚಿ ಮಾತ್ರ ಇದ್ದದ್ದು ಇದ್ದಂಗೆ ಹೇಳ್ಬೇಕು. ಅಂಗಡಿಯ ಬಾರ್ಟ್ಲೆಟ್ ಬೆಣ್ಣೆ ಥರ ಕರಗುತ್ತೆ, ಊಟಿ ಕಾಯಿ ಹಲ್ಲಿಗೆ ರವೆ ಸಿಕ್ಕಂಗೆ ನರನರ ಅನ್ನುತ್ತೆ, ಗಟ್ಟಿ. ಉಪ್ಪು ಖಾರ ಹಚ್ಕೊಂಡು ತಿನ್ನೋಕೆ ಇದೇ ಸರಿ, ನಮ್ಮತ್ತೆ ಮಾವಿನಕಾಯಿ ಥರಾನೇ ಹೆಚ್ಚಿ ದಿಢೀರ್ ಉಪ್ಪಿನಕಾಯಿ ಹಾಕ್ತಾರೆ, ಮನೇಲಿ ಎಲ್ರಿಗೂ ಅದೇ ಬೇಕು. ಪತ್ಥರ್‌ನಾಖ್ ರಸ ಜಾಸ್ತಿ, ಸಿಹಿ ಸ್ವಲ್ಪ ಮೇಲು, ಆದ್ರೆ ಹನ್ನೊಂದು ಕಾಯಿಗೆ ಏನು ಹೇಳೋದು. ಕೀಳೋ ಹದ ನೋಡೋಕೆ ಕಾಯೀನ ಮೆಲ್ಲಗೆ ಅಡ್ಡಕ್ಕೆ ಎತ್ತಿ, ತೊಟ್ಟು ತಾನಾಗೇ ಬಿಟ್ಕೊಂಡ್ರೆ ಸರಿ, ಇಲ್ಲಾಂದ್ರೆ ಇನ್ನೊಂದು ವಾರ ಬಿಡಿ. ಆಷಾಢದಲ್ಲಿ ನಮ್ಮದು ಕೊಯ್ಲು, ಹಣ್ಣುನೊಣಕ್ಕೂ ಅಳಿಲಿಗೂ ಒಂದೊಂದು ಗೊಂಚಲಿಗೂ ಹಳೇ ಸೊಳ್ಳೆಪರದೆ ಚೂರು ಕಟ್ತೀನಿ, ಹೋದ ವರ್ಷ ಮೂವತ್ನಾಲ್ಕು ಕಾಯಿ ಸಿಕ್ತು.

ಬಾರ್ಟ್ಲೆಟ್ ಕಡಿದು ಹಾಕೋಕೆ ಮನಸ್ಸು ಬರ್ಲಿಲ್ಲ, ಬೇರು ಗಟ್ಟಿಯಾಗಿದೆ, ಕಾಂಡ ನನ್ನ ಮುಂಗೈ ದಪ್ಪ ಇದೆ. ಈ ಜನವರೀಲಿ ಅದರ ಕೊಂಬೆಗಳನ್ನ ಮೊಂಡು ಮಾಡಿ ಊಟಿ ಗಿಡದ ಪೆನ್ಸಿಲ್ ದಪ್ಪದ ಕಡ್ಡಿ ಆರು ಕಡೆ ಸೀಳು ಕಸಿ ಕಟ್ದೆ, ಪ್ಲಾಸ್ಟಿಕ್ ಪಟ್ಟಿ ಸುತ್ತಿ ಮೇಲೆ ಮೇಣ ಬಳ್ದೆ. ನಾಲ್ಕು ಹಿಡ್ಕೊಂಡಿದೆ, ಒಂದೊಂದೂ ಈಗ ಒಂದು ಮೊಳ ಬಂದಿದೆ.