ಹದಡಿ ರಸ್ತೆಯ ಕೊನೆಯಲ್ಲಿ ಒಂದು ಬಟ್ಟಲು ಥುಕ್ಪಾ

ಬೆಣ್ಣೆದೋಸೆಗೂ ಮಂಡಕ್ಕಿ-ಮೆಣಸಿನಕಾಯಿಗೂ ಹೆಸರಾದ ದಾವಣಗೆರೆಯಲ್ಲಿ ಚೈನೀಸ್ ಎಂದರೆ ಬಹುಕಾಲ ಕೆಂಪು ಬಣ್ಣ ಸುರಿದ ಗೋಬಿ ಮಂಚೂರಿಯೇ ಆಗಿತ್ತು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಅದಕ್ಕೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದ ಮೇಲೂ ರುಚಿಯೇನೂ ಸುಧಾರಿಸಲಿಲ್ಲ. ಹೀಗಿರುವಾಗ ಹದಡಿ ರಸ್ತೆಯಲ್ಲಿ ಊರು ಮುಗಿದು ಹೊಸ ಲೇಔಟುಗಳು ಶುರುವಾಗುವಲ್ಲಿ, ಐದೇ ಮೇಜುಗಳ ಸಣ್ಣ ಹೋಟೆಲೊಂದರಲ್ಲಿ ಒಳ್ಳೆಯ ಥುಕ್ಪಾ ಸಿಗುತ್ತದೆಂದು ಕೇಳಿ, ಅರ್ಧ ಅನುಮಾನದಿಂದಲೇ ಹೋದೆವು.

ಥುಕ್ಪಾ ಎಂಬುದು ಟಿಬೆಟಿನವರ ನೂಡಲ್ಸ್ ಸಾರು. ಮುಂಡಗೋಡ, ಬೈಲಕುಪ್ಪೆಗಳ ಕ್ಯಾಂಪುಗಳಲ್ಲಿ ಉಂಡವರಿಗೆ ಅದರ ಹದ ಗೊತ್ತಿರುತ್ತದೆ. ಇಲ್ಲಿ ಬಂದ ಸಾರು ಕಾರ್ನ್‌ಫ್ಲೋರಿನಿಂದ ಗಟ್ಟಿಯಾಗಿರದೆ, ಬಟ್ಟಲಿನ ತಳ ಕಾಣುವಷ್ಟು ತಿಳಿಯಾಗಿತ್ತು. ಶುಂಠಿ-ಬೆಳ್ಳುಳ್ಳಿಯ ಘಮ ಮೊದಲು ಮೂಗಿಗೆ ತಾಗಿ, ಖಾರ ಆಮೇಲೆ ಗಂಟಲಲ್ಲಿ ನಿಧಾನವಾಗಿ ಏಳುತ್ತಿತ್ತು. ಮೊಮೊ ಇನ್ನೂ ಮೇಲು: ಹೊರಗಿನ ಹಿಟ್ಟು ಎಷ್ಟು ತೆಳುವೆಂದರೆ ಒಳಗಿನ ಕ್ಯಾರೆಟ್ಟಿನ ಬಣ್ಣ ಕಾಣುತ್ತಿತ್ತು, ಆದರೂ ಚಟ್ನಿಯಲ್ಲಿ ಅದ್ದಿದಾಗ ಒಡೆಯಲಿಲ್ಲ. ಜೊತೆಗೆ ಬಂದಿದ್ದ ನಮ್ಮ ಅತ್ತೆಯವರು ಅದನ್ನು ಖಾರದ ಕಡುಬು ಎಂದು ಕರೆದು ಎರಡನೆಯ ಪ್ಲೇಟು ತರಿಸಿದರು.

ಫ್ರೈಡ್ ರೈಸ್ ಸಾಧಾರಣ. ಥಾಯ್ ಕರಿಯನ್ನು ಮಾತ್ರ ಹೇಳಬೇಡಿ. ತೆಂಗಿನಹಾಲಿಗೆ ಸಕ್ಕರೆ ಹೆಚ್ಚಾಗಿ, ನಿಂಬೆಹುಲ್ಲಿನ ಸುಳಿವೇ ಇಲ್ಲದೆ, ಅದು ಪಾಯಸದ ಹತ್ತಿರ ಹೋಗಿತ್ತು. ಅಡುಗೆಗೆ ಒಬ್ಬರೇ ಇರುವುದರಿಂದ ಭಾನುವಾರ ಸಂಜೆ ಮುಕ್ಕಾಲು ಗಂಟೆ ಕಾಯಬೇಕಾಯಿತು; ಕೈ ತೊಳೆಯುವ ನೀರೂ ಹೊರಗಿನ ಡ್ರಮ್ಮಿನಲ್ಲೇ. ಏಳು ಗಂಟೆಯೊಳಗೆ ಹೋದರೆ ಮೊಮೊ ಸಿಗುತ್ತದೆ, ಎಂಟರ ಹೊತ್ತಿಗೆ ಪಾತ್ರೆ ಖಾಲಿ.